ಬಂದೂಕು ಕೆಳಗಿಟ್ಟು ಟೈಪ್ ಮಾಡಿದ ಆಟಗಾರ

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಕೇಳಲು ಬಂದವರಲ್ಲಿ ಆನಿಮೇಶನ್ ಓದುತ್ತಿರುವವರು, ಸಾಫ್ಟ್‌ವೇರ್ ಕೆಲಸದವರು, ಗೇಮ್ ಅಂದರೆ ಮಕ್ಕಳ ಮೊಬೈಲ್ ಜಗಳ ಅಂತಷ್ಟೇ ಗೊತ್ತಿರುವ ಹಿರಿಯರು ಎಲ್ಲರೂ ಇದ್ದರು.)

ಪರದೆ ಮೇಲೆ ಒಂದು ಗೇಮ್‌ನ ಚಿತ್ರ ಇದೆ. ಅದರಲ್ಲಿ ಬಿದ್ದಿರುವ ಸೈನಿಕನನ್ನು ಆಮೇಲೆ ನೋಡೋಣ. ಮೊದಲು ಚಾಟ್ ಬರುವ ಜಾಗ ನೋಡಿ. ಶೂಟಿಂಗ್ ಗೇಮ್‌ಗಳಲ್ಲಿ ಅಲ್ಲಿ ಏನಿರುತ್ತದೆ ಅಂತ ಆಡುವವರಿಗೆ ಗೊತ್ತು. ‘ಎಡಗಡೆ ಇದ್ದಾನೆ’, ‘ಕವರ್ ಕೊಡು’, ಇಲ್ಲಾಂದ್ರೆ ಬೈಗುಳ. ಇಲ್ಲಿ ಒಂದು ಹೆಸರಿದೆ. ಹೆಸರಿನ ಪಕ್ಕ ವಯಸ್ಸು, ಸೇನೆಯ ವಿಭಾಗ, ಸತ್ತ ದಿನಾಂಕ. ಅದರ ಕೆಳಗೆ ಇನ್ನೊಂದು ಹೆಸರು, ಇನ್ನೊಂದು ದಿನಾಂಕ. ಇವೆಲ್ಲ ಇರಾಕ್ ಯುದ್ಧದಲ್ಲಿ ನಿಜವಾಗಿ ಸತ್ತ ಅಮೆರಿಕದ ಸೈನಿಕರ ಹೆಸರುಗಳು.

ಟೈಪ್ ಮಾಡುತ್ತಿದ್ದವರು ಜೋಸೆಫ್ ಡಿಲ್ಯಾಪ್ ಎಂಬ ಕಲಾವಿದ. ಆಗ ಅವರು ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ರೀನೋ ಕ್ಯಾಂಪಸ್‌ನಲ್ಲಿ ಪಾಠ ಮಾಡುತ್ತಿದ್ದರು. ಈ ಕೆಲಸದ ಹೆಸರು ‘ಡೆಡ್-ಇನ್-ಇರಾಕ್’. ಗೇಮ್‌ಗೆ ಲಾಗಿನ್ ಆಗಲು ಅವರು ಇಟ್ಟುಕೊಂಡ ಹೆಸರೂ ಅದೇ. ಇಂದು ನಾನು ಮಾತಾಡುವುದು ಹೆಚ್ಚಾಗಿ ಇವರ ಬಗ್ಗೆ.

ಆ ಗೇಮ್ ಯಾವುದು ಅಂತ ಗೊತ್ತಾಗದೆ ಈ ಕೆಲಸ ಅರ್ಥವಾಗುವುದಿಲ್ಲ. ಅದು ‘ಅಮೆರಿಕಾಸ್ ಆರ್ಮಿ’. ಯಾವುದೋ ಕಂಪನಿ ಲಾಭಕ್ಕೆ ಮಾಡಿದ್ದಲ್ಲ. ಅಮೆರಿಕದ ಸೇನೆಯೇ ದುಡ್ಡು ಹಾಕಿ ಮಾಡಿಸಿ, 2002ರ ಜುಲೈ 4ರಂದು, ಅವರ ಸ್ವಾತಂತ್ರ್ಯ ದಿನ ನೋಡಿಕೊಂಡೇ ಬಿಡುಗಡೆ ಮಾಡಿತು. ಪುಕ್ಕಟೆ ಡೌನ್‌ಲೋಡ್. ಉದ್ದೇಶವನ್ನೇನೂ ಮುಚ್ಚಿಡಲಿಲ್ಲ. ಹುಡುಗರು ಆಡಲಿ, ಸೇನೆ ಇಷ್ಟವಾಗಲಿ, ಬಂದು ಸೇರಲಿ. ಹದಿಹರೆಯದವರೂ ಆಡುವಂತಿರಬೇಕಲ್ಲ, ಹಾಗಾಗಿ ಗುಂಡು ತಾಗಿದರೂ ರಕ್ತ ಜಾಸ್ತಿ ಕಾಣುವುದಿಲ್ಲ.

ಆ ಗೇಮ್‌ನೊಳಗೆ ಒಂದು ಜಾಣತನ ಇತ್ತು. ಎರಡು ತಂಡ ಆಡುತ್ತವೆ, ಸರಿ. ಆದರೆ ಎರಡು ತಂಡದವರಿಗೂ ತಮ್ಮ ಕಡೆಯವರು ಅಮೆರಿಕದ ಸೈನಿಕರಂತೆಯೇ ಕಾಣುತ್ತಾರೆ. ಎದುರಿಗಿರುವವರು ಮಾತ್ರ ಶತ್ರುಗಳಂತೆ ಕಾಣುತ್ತಾರೆ. ಎದುರಿನವನ ಸ್ಕ್ರೀನ್‌ನಲ್ಲಿ ಇದು ಉಲ್ಟಾ: ಅವನು ಅಮೆರಿಕದವನು, ನೀವು ಶತ್ರು. ಅಂದರೆ ಯಾರೂ ಯಾವತ್ತೂ ಆ ಕಡೆಯವರಾಗಿ ಆಡುವುದಿಲ್ಲ. ಗೇಮ್ ಡಿಸೈನ್ ಓದುವವರು ಇದನ್ನು ಒಂದು ಗಳಿಗೆ ಯೋಚಿಸಿ. ಒಂದು ಸಾಲು ಪ್ರಚಾರದ ಮಾತು ಬರೆಯದೆ, ಬರೀ ಯಾರಿಗೆ ಏನು ಕಾಣಬೇಕು ಅನ್ನುವುದನ್ನು ಬದಲಿಸಿ ಎಷ್ಟು ದೊಡ್ಡ ಮಾತು ಹೇಳಿಬಿಟ್ಟಿದ್ದಾರೆ!

2006ರ ಮಾರ್ಚ್‌ನಲ್ಲಿ, ಇರಾಕ್ ಮೇಲೆ ದಾಳಿ ಶುರುವಾಗಿ ಮೂರು ವರ್ಷ ಆಗುವ ಹೊತ್ತಿಗೆ, ಡಿಲ್ಯಾಪ್ ಈ ಗೇಮ್‌ಗೆ ಕಾಲಿಟ್ಟರು. ಬರುವುದು, ಬಂದೂಕು ಕೆಳಗೆ ಹಾಕುವುದು, ಒಂದು ಕಡೆ ನಿಂತು ಟೈಪ್ ಮಾಡುವುದು. ಯಾರಾದರೂ ಗುಂಡು ಹಾರಿಸಿ ಸಾಯಿಸುತ್ತಾರೆ. ಸತ್ತ ಮೇಲೆ ಆಟಗಾರನ ನೋಟ ತನ್ನದೇ ಹೆಣದ ಮೇಲೆ ತೇಲುತ್ತಿರುತ್ತದೆ. ಅಲ್ಲಿಂದಲೂ ಟೈಪ್ ಮಾಡುತ್ತಿದ್ದರು. ಮುಂದಿನ ರೌಂಡ್ ಶುರುವಾದರೆ ಮತ್ತೆ ಎದ್ದು ನಿಂತು ಮುಂದಿನ ಹೆಸರು. ಪರದೆ ಮೇಲೆ ಬಿದ್ದಿರುವ ಸೈನಿಕ ಅವರೇ.

ನನ್ನ ಅಕ್ಕನ ಮಗ ರಾಜಾಜಿನಗರದಲ್ಲಿದ್ದಾನೆ, ದಿನಾ ಸಂಜೆ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್. ಅವನಿಗೆ ಈ ಕಥೆ ಹೇಳಿದೆ. ‘ಮಾಮ, ಅದು ಎಎಫ್‌ಕೆ. ನಮ್ಮ ಸ್ಕ್ವಾಡ್‌ನಲ್ಲಿ ಯಾರಾದ್ರೂ ಹಂಗೆ ನಿಂತ್ರೆ ರಿಪೋರ್ಟ್ ಹೊಡೀತೀವಿ’ ಅಂದ. ಫೋನು ಕೀಬೋರ್ಡು ಬಿಟ್ಟು ಎದ್ದು ಹೋದವನಿಗೆ ಆಡುವವರು ಹಾಗೆ ಅನ್ನುತ್ತಾರೆ. ಡಿಲ್ಯಾಪ್ ವಿಷಯದಲ್ಲೂ ಹಾಗೇ ಆಯಿತು. ಕೆಲವರು ಸುಮ್ನಿರು ಅಂತ ರೇಗಿದರು. ಕೆಲವರು ಓಟು ಹಾಕಿ ಹೊರಗೆ ತಳ್ಳಿದರು. ಇವು ನಿಜವಾದ ಹೆಸರುಗಳಾ ಅಂತ ಕೇಳಿದವರೂ ಇದ್ದರು. ಡಿಲ್ಯಾಪ್ ಯಾರ ಜೊತೆಗೂ ವಾದಕ್ಕೆ ಇಳಿಯುತ್ತಿರಲಿಲ್ಲ. ಮುಂದಿನ ಹೆಸರು ಬರುತ್ತಿತ್ತು, ಅಷ್ಟೇ.

ಇದು ಕಾಟ ಕೊಡುವುದಲ್ವಾ ಅಂತ ನೀವು ಕೇಳಬಹುದು. ಹೌದು, ಕಾಟವೇ. ಆಫೀಸು ಮುಗಿಸಿ ಬಂದು ಅರ್ಧ ಗಂಟೆ ಆಡೋಣ ಅಂತ ಕೂತವನ ತಂಡದಲ್ಲಿ ಒಬ್ಬ ಕಂಬದ ಹಾಗೆ ನಿಂತರೆ ಸಿಟ್ಟು ಬಾರದೆ ಇರುತ್ತದಾ? ಆ ಹುಡುಗರು ಕಲೆ ನೋಡಲು ಬಂದವರಲ್ಲ. ಇದನ್ನು ಮುಚ್ಚಿ ಹೇಳಿದರೆ ಡಿಲ್ಯಾಪ್ ಅವರನ್ನು ಸಂತ ಮಾಡಿದಂತಾಗುತ್ತದೆ. ಆದರೆ ನನ್ನ ಮಟ್ಟಿಗೆ ಒಂದು ವಿಷಯ ಈ ತಕರಾರಿಗಿಂತ ತೂಕದ್ದು. ಆ ಗೇಮ್ ಇದ್ದದ್ದೇ ನಿಜವಾದ ಯುದ್ಧಕ್ಕೆ ನಿಜವಾದ ಹುಡುಗರನ್ನು ಕರೆಯಲು. ಹಾಗೆ ಕರೆದವರು ಹೇಳದೆ ಬಿಟ್ಟ ಮಾಹಿತಿಯನ್ನು ಇವರು ಅದೇ ಜಾಗದಲ್ಲಿ ಸೇರಿಸಿದರು. ಅದೂ ಗೇಮ್ ಕೊಟ್ಟ ಸೌಲಭ್ಯದಿಂದಲೇ. ಹ್ಯಾಕಿಂಗ್ ಮಾಡಲಿಲ್ಲ, ಚೀಟ್ ಕೋಡ್ ಹಾಕಲಿಲ್ಲ. ಚಾಟ್ ಬಾಕ್ಸ್ ಅಲ್ಲಿತ್ತು, ಟೈಪ್ ಮಾಡಿದರು.

ಸತ್ತವರ ಹೆಸರು ಬರೆದಿಡುವುದು ನಮಗೇನೂ ಹೊಸದಲ್ಲ. ನಮ್ಮ ಊರಿನ ಹೆಸರು ಮೊದಲು ಸಿಗುವುದು ಎಲ್ಲಿ ಹೇಳಿ? ಕೆಂಪೇಗೌಡರ ಕೋಟೆಗಿಂತ ಸುಮಾರು ಆರೂವರೆ ಶತಮಾನ ಹಿಂದೆ, ಬೇಗೂರಿನ ಕಲ್ಲಿನಲ್ಲಿ. ಹೊಸೂರು ರಸ್ತೆಯಿಂದ ಒಳಗೆ ಹೋದರೆ ನಾಗೇಶ್ವರ ದೇವಸ್ಥಾನ, ಅಲ್ಲಿದೆ ಆ ಕಲ್ಲು. ಒಂಬತ್ತನೇ ಶತಮಾನದ ಕೊನೆಯದು ಅನ್ನುತ್ತಾರೆ. ಗಂಗರ ಕಾಲದ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣ ಶೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತ ಅಂತ ಬರೆದಿದೆ. ಕಾಳಗ ಯಾಕೆ ನಡೆಯಿತು, ಯಾರು ಗೆದ್ದರು ಅನ್ನುವುದು ಆ ಸಾಲಿನಲ್ಲಿ ಇಲ್ಲ. ಸತ್ತವನ ಹೆಸರಿದೆ, ಜಾಗದ ಹೆಸರಿದೆ. ಬೇಗೂರಿನದೇ ಇನ್ನೊಂದು ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ ಸಮೇತ ಇಡೀ ಯುದ್ಧವನ್ನೇ ಕೆತ್ತಿದ್ದಾರೆ. ಆನಿಮೇಶನ್ ಓದುವವರು ಒಮ್ಮೆ ಹೋಗಿ ಬನ್ನಿ. ಒಂದೇ ಚೌಕಟ್ಟಿನಲ್ಲಿ ಅಷ್ಟು ಜನರನ್ನು ಹೇಗೆ ತುಂಬಿಸಿದ್ದಾರೆ ಅಂತ ನೋಡಬೇಕು. ಟಿಕೆಟ್ ದುಬಾರಿ ಏನಲ್ಲ.

ಸರಿ, ವಿಷಯಕ್ಕೆ ಬರೋಣ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಇರಾಕ್‌ನಿಂದ ಹೊರಟಿತು. ಅಲ್ಲಿಯವರೆಗೂ ಡಿಲ್ಯಾಪ್ ಟೈಪ್ ಮಾಡಿದರು. ಸುಮಾರು 4,500 ಹೆಸರು. ಇದರಲ್ಲಿ ಇರಾಕಿಗಳ ಹೆಸರು ಒಂದೂ ಇಲ್ಲ ಅನ್ನುವುದು ನಿಮಗೆ ಹೊಳೆದಿರಬಹುದು. ಸತ್ತ ಸಾಮಾನ್ಯ ಇರಾಕಿಗಳ ಲೆಕ್ಕ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಡಿಲ್ಯಾಪ್ ಅವರೂ ಅದನ್ನು ಬಿಡಲಿಲ್ಲ. 2007ರಲ್ಲಿ ಇರಾಕಿನ ನಾಗರಿಕರಿಗೆ ಸ್ಮಾರಕ ಹೇಗಿರಬೇಕು ಅಂತ ಬೇರೆ ಬೇರೆ ಕಡೆಯ ಕಲಾವಿದರಿಂದ ಕಲ್ಪನೆಗಳನ್ನು ಕರೆದು ಒಂದು ಆನ್‌ಲೈನ್ ಸಂಗ್ರಹ ಶುರುಮಾಡಿದರು. ಒಳ್ಳೆಯ ಕೆಲಸ. ಆದರೆ ಕಲೆಯಾಗಿ ನನಗೆ ಅದು ಅಷ್ಟು ತಟ್ಟುವುದಿಲ್ಲ. ಅದನ್ನು ಹುಡುಕಿಕೊಂಡು ಹೋಗುವವರು ಆಗಲೇ ಒಪ್ಪಿದವರು. ಚಾಟ್ ಬಾಕ್ಸ್‌ನಲ್ಲಿ ಹಾಗಿರಲಿಲ್ಲ.

ನನಗೆ ಬಹಳ ಇಷ್ಟವಾದ ಅವರ ಕೆಲಸ ಬೇರೆ. ಅದರಲ್ಲಿ ಗಾಂಧೀಜಿ ಇದ್ದಾರೆ.

2008ರ ಮಾರ್ಚ್ 12. ದಂಡಿಯಾತ್ರೆ ಶುರುವಾದ ದಿನ ಅದು, 1930ರ ಮಾರ್ಚ್ 12. ಡಿಲ್ಯಾಪ್ ನ್ಯೂಯಾರ್ಕಿನ ಐಬೀಮ್ ಎಂಬ ಕಲಾ ಕೇಂದ್ರದಲ್ಲಿ ಒಂದು ಟ್ರೆಡ್‌ಮಿಲ್ ಹತ್ತಿದರು. ಅದಕ್ಕೆ ಕಂಪ್ಯೂಟರ್ ಜೋಡಿಸಿದ್ದರು. ಕಂಪ್ಯೂಟರಿನಲ್ಲಿ ‘ಸೆಕೆಂಡ್ ಲೈಫ್’. 2003ರಲ್ಲಿ ಶುರುವಾದ ಆನ್‌ಲೈನ್ ಲೋಕ ಅದು. ಗೆಲ್ಲುವುದು ಸೋಲುವುದು ಇಲ್ಲ. ಜನ ತಮಗೆ ಬೇಕಾದ ರೂಪ ತೊಟ್ಟು ಓಡಾಡುತ್ತಾರೆ, ಜಾಗ ಕೊಳ್ಳುತ್ತಾರೆ, ಮನೆ ಕಟ್ಟುತ್ತಾರೆ, ಅಂಗಡಿ ಇಡುತ್ತಾರೆ. ಅದರೊಳಗೆ ಡಿಲ್ಯಾಪ್ ಗಾಂಧೀಜಿಯ ಅವತಾರ ಮಾಡಿಕೊಂಡರು. ಟ್ರೆಡ್‌ಮಿಲ್ ಮೇಲೆ ಇವರು ಹೆಜ್ಜೆ ಇಟ್ಟರೆ ಅಲ್ಲಿ ಗಾಂಧೀಜಿ ಹೆಜ್ಜೆ ಇಡುತ್ತಾರೆ. ಇವರು ನಿಂತರೆ ಅವರೂ ನಿಲ್ಲುತ್ತಾರೆ.

ಹೀಗೆ 26 ದಿನ, 240 ಮೈಲಿ. ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆದ ದೂರವೂ ಅದೇ, ಸುಮಾರು 385 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೆಜೆಸ್ಟಿಕ್‌ನಿಂದ ಹೊರಟು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿಗೆ ಸ್ವಲ್ಪ ಮುಂಚೆ ಎಲ್ಲೋ ನಿಂತ ಹಾಗೆ. ಒಂದೇ ಕೋಣೆಯಲ್ಲಿ, ಒಂದೇ ಪಟ್ಟಿಯ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಸೆಕೆಂಡ್ ಲೈಫ್‌ನಲ್ಲಿ ಯಾರೂ ನಡೆದು ಹೋಗಬೇಕಾಗಿಲ್ಲ. ಅಲ್ಲಿ ಹಾರಬಹುದು. ಟೆಲಿಪೋರ್ಟ್ ಒತ್ತಿದರೆ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷ. ಅಂಥ ಲೋಕದಲ್ಲಿ ಒಬ್ಬ ಮುದುಕ ಕೋಲು ಹಿಡಿದು ನಡೆಯುತ್ತಾನೆ, ಅದೂ ಇನ್ನೊಬ್ಬನ ನಿಜವಾದ ಮೊಣಕಾಲು ನೋವಿನಿಂದ! ನಡೆದಾಗ ಮಾತ್ರ ಗೊತ್ತಾಗುವ ಸಂಗತಿಗಳು ಆ ಲೋಕದಲ್ಲೂ ಇವೆ. ಖಾಸಗಿ ಜಾಗಗಳ ಸುತ್ತ ಕಣ್ಣಿಗೆ ಕಾಣದ ಬೇಲಿ ಇರುತ್ತದೆ. ಹತ್ತಿರ ಹೋದರೆ ‘ಪ್ರವೇಶವಿಲ್ಲ’ ಅಂತ ಅಕ್ಷರಗಳು ಗಾಳಿಯಲ್ಲಿ ಮೂಡಿ ನಿಮ್ಮನ್ನು ತಡೆಯುತ್ತವೆ. ಟೆಲಿಪೋರ್ಟ್ ಆಗುವವನಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಡೆಯುವವನಿಗೆ ಆ ಲೋಕ ಎಷ್ಟು ತುಂಡಾಗಿ ಹಂಚಿಹೋಗಿದೆ ಅಂತ ಕಾಲಿಗೇ ತಿಳಿಯುತ್ತದೆ. ಉಪ್ಪಿನ ಮೇಲೆ ತೆರಿಗೆ ಹಾಕಿದ ಸರ್ಕಾರದ ವಿರುದ್ಧ ನಡೆದವರನ್ನು ಇಂಥ ಜಾಗಕ್ಕೆ ಕರೆತಂದದ್ದು ಸುಮ್ನೆ ತಮಾಷೆಗೆ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಂತ ಒಂದು ಇರಿಸುಮುರಿಸು ನನಗೂ ಇದೆ. ದಂಡಿಯಾತ್ರೆ ಒಬ್ಬರ ನಡಿಗೆ ಆಗಿರಲಿಲ್ಲ. ಹೊರಡುವಾಗಲೇ ಗಾಂಧೀಜಿ ಜೊತೆ ಆಶ್ರಮದ 78 ಜನ ಇದ್ದರು. ಅವರಲ್ಲಿ ಒಬ್ಬರೇ ಒಬ್ಬರು ಕನ್ನಡಿಗರು, ಹಾವೇರಿಯ ಹತ್ತಿರದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಬಲಿಯಾದರು. ದಾರಿಯುದ್ದಕ್ಕೂ ಹಳ್ಳಿಯವರು ಸೇರಿಕೊಳ್ಳುತ್ತಾ ಹೋದರು, ಅದರ ಬಿಸಿ ಏಪ್ರಿಲ್ 13ಕ್ಕೆ ನಮ್ಮ ಅಂಕೋಲೆಯ ಸಮುದ್ರದವರೆಗೂ ತಲುಪಿತು. ಆ ಗುಂಪು ಟ್ರೆಡ್‌ಮಿಲ್ ಮೇಲೆ ಹಿಡಿಸುವುದಿಲ್ಲ. ಡಿಲ್ಯಾಪ್ ಅವರ ಗಾಂಧೀಜಿ ಒಂಟಿ. ದಾರಿಯಲ್ಲಿ ಸಿಕ್ಕವರು ಮಾತಾಡಿಸಬಹುದು, ನಾಲ್ಕು ಹೆಜ್ಜೆ ಹಾಕಬಹುದು. ಆಮೇಲೆ ಹಾರಿಹೋಗುತ್ತಾರೆ. ನಮ್ಮ ಆನ್‌ಲೈನ್ ಬದುಕಿನ ಬಗ್ಗೆ ಅದೂ ಒಂದು ನಿಜವೇ ಇರಬಹುದು, ಆದರೆ ಯಾತ್ರೆಯನ್ನು ಒಬ್ಬ ಮಹಾತ್ಮನ ಕಥೆಯಾಗಿ ಮಾತ್ರ ನೋಡುವ ಅಭ್ಯಾಸ ಹೊರಗಿನವರಿಗೆ ಜಾಸ್ತಿ ಅನ್ನುವ ನನ್ನ ದೂರು ಹಾಗೇ ಇದೆ.

ನಡಿಗೆ ಮುಗಿದ ಮೇಲೆ ಅವರು ಮಾಡಿದ್ದು ಇನ್ನೂ ಚೆನ್ನಾಗಿದೆ. ಪರದೆಯೊಳಗಿನ ಗಾಂಧೀಜಿಯನ್ನು ಹೊರಗೆ ತೆಗೆದರು. ಗೇಮ್‌ನಲ್ಲಿ ಕಾಣುವ ಯಾವ ಆಕೃತಿಯೂ ಚಿಕ್ಕ ಚಿಕ್ಕ ಚಪ್ಪಟೆ ತುಂಡುಗಳನ್ನು ಸೇರಿಸಿ ಮಾಡಿದ್ದು. ತ್ರೀಡಿ ಕೆಲಸ ಮಾಡುವವರು ಪಾಲಿಗಾನ್ ಅನ್ನುತ್ತೀರಲ್ಲ, ಅದು. ‘ಪೆಪಕುರ’ ಎಂಬ ಜಪಾನಿ ಸಾಫ್ಟ್‌ವೇರ್ ಇದೆ. ತ್ರೀಡಿ ಮಾಡೆಲ್ ಕೊಟ್ಟರೆ ಅದನ್ನು ಬಿಡಿಸಿ, ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು, ಎಲ್ಲಿ ಅಂಟಿಸಬೇಕು ಅಂತ ಗೆರೆ ಹಾಕಿ ಕೊಡುತ್ತದೆ. ಅದರ ಪ್ರಕಾರ ರಟ್ಟು ಕತ್ತರಿಸಿ, ಬಿಸಿ ಅಂಟಿನಲ್ಲಿ ಕೂಡಿಸಿ 17 ಅಡಿ ಎತ್ತರದ ಗಾಂಧೀಜಿಯನ್ನು ನಿಲ್ಲಿಸಿದರು. ಮೈಕೆಲೇಂಜಲೋ ಕೆತ್ತಿದ ಡೇವಿಡ್‌ನಷ್ಟು ಎತ್ತರ. ಹತ್ತಿರದಿಂದ ನೋಡಿದರೆ ಕೆನ್ನೆಯ ಉರುಟು, ಭುಜದ ದುಂಡು ಎಲ್ಲ ಚಪ್ಪಟೆ ಮುಖಗಳಾಗಿ ಒಡೆದಿರುತ್ತದೆ, ಮಡಿಕೆಯ ಏಣುಗಳು ಎದ್ದು ಕಾಣುತ್ತವೆ. ಆ ಏಣುಗಳನ್ನು ನಯ ಮಾಡಲು ಹೋಗಿಲ್ಲ. ಕಂಪ್ಯೂಟರ್ ಲೆಕ್ಕ ಉಳಿಸಲು ಮಾಡಿಕೊಂಡ ಒಪ್ಪಂದ ಇಲ್ಲಿ ಕೈಗೆ ಸಿಗುವ ರಟ್ಟಾಗಿದೆ. ನಾವು ಪ್ರತಿ ಊರಿನ ಸರ್ಕಲ್‌ನಲ್ಲಿ ನೋಡುವ ಗಾಂಧಿ ಪ್ರತಿಮೆಗಳ ಪಕ್ಕ ಇದನ್ನು ಇಟ್ಟು ನೋಡಬೇಕು ಅಂತ ನನಗೆ ಆಸೆ.

ಇಲ್ಲಿ ಯಾರೋ ಕೈ ಎತ್ತಿ ‘ಗೇಮ್ ಕಲೆಗೆ ಕೋಡಿಂಗ್ ಬರಬೇಕಾ’ ಅಂತ ಕೇಳಿದರು. ಇಲ್ಲಿಯವರೆಗೆ ಹೇಳಿದ್ದಕ್ಕೆ ಹೆಚ್ಚೇನೂ ಬೇಕಿಲ್ಲ. ಬೇಕಾದ ದಾರಿಯೂ ಒಂದಿದೆ, ಅದಕ್ಕೆ ಕೋರಿ ಆರ್ಕೇಂಜಲ್ ಎಂಬ ಕಲಾವಿದರ ಉದಾಹರಣೆ ಸಾಕು. ನ್ಯಾಷನಲ್ ಮಾರ್ಕೆಟ್‌ನಿಂದ ಟೀವಿ ಗೇಮ್ ತಂದು, ‘9999 ಇನ್ 1’ ಅಂತ ಸುಳ್ಳು ಬರೆದ ಕ್ಯಾಸೆಟ್ ಹಾಕಿ ಮಾರಿಯೋ ಆಡಿದವರು ಇಲ್ಲಿ ಖಂಡಿತ ಇದ್ದೀರಿ, ನಗು ಕೇಳಿಸುತ್ತಿದೆ. 1985ರ ಆ ಮಾರಿಯೋ ಗೇಮ್‌ನ ಕ್ಯಾಸೆಟ್ ಒಳಗೆ ಎರಡು ಚಿಪ್. ಒಂದರಲ್ಲಿ ಆಟದ ಪ್ರೋಗ್ರಾಂ, ಇನ್ನೊಂದರಲ್ಲಿ ಚಿತ್ರಗಳು. ಎರಡೂ ಸೇರಿ 40 ಕಿಲೋಬೈಟ್. ನೀವು ವಾಟ್ಸಾಪ್‌ನಲ್ಲಿ ಕಳಿಸುವ ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ದೊಡ್ಡದು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದಾರೆ, ಮುಂದಿನ ಸಲ ಗಮನಿಸಿ. ಆರ್ಕೇಂಜಲ್ 2002ರಲ್ಲಿ ಪ್ರೋಗ್ರಾಂ ಚಿಪ್ ತೆಗೆದು ತಾವು ಬರೆದ ಪ್ರೋಗ್ರಾಂ ಹಾಕಿದರು. ಚಿತ್ರದ ಚಿಪ್ ಮುಟ್ಟಲಿಲ್ಲ. ಟೀವಿಗೆ ಹಾಕಿದರೆ ಮಾರಿಯೋ ಇಲ್ಲ, ಇಟ್ಟಿಗೆ ಇಲ್ಲ, ನಾಣ್ಯ ಇಲ್ಲ. ನೀಲಿ ಆಕಾಶ, ತೇಲುವ ಮೋಡ. ಹೇಗೆ ಮಾಡಿದೆ ಅನ್ನುವ ಕೋಡನ್ನೂ ಎಲ್ಲರಿಗೂ ಸಿಗುವ ಹಾಗೆ ಇಟ್ಟರು. 2004ರಲ್ಲಿ ಅದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಪ್ರದರ್ಶನದಲ್ಲಿತ್ತು. ಚೆಂದವಿದೆ. ಆದರೆ ನಾನು ಡಿಲ್ಯಾಪ್ ಕಡೆಯವನು. ಮೋಡದ ಮುಂದೆ ನಾವು ನೋಡುವವರು ಮಾತ್ರ, ನಮ್ಮಿಂದ ಅದಕ್ಕೆ ಏನೂ ಆಗಬೇಕಾಗಿಲ್ಲ.

ಡಿಲ್ಯಾಪ್ 2017ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಅಬರ್ಟೇ ವಿಶ್ವವಿದ್ಯಾಲಯಕ್ಕೆ ಹೋದರು. ‘ಗ್ರ್ಯಾಂಡ್ ಥೆಫ್ಟ್ ಆಟೋ’, ಅಂದರೆ ನಿಮ್ಮ ಜಿಟಿಎ, ಹುಟ್ಟಿದ ಊರು ಅದು. ಮುಂದಿನ ವರ್ಷ ಅವರು ಅದೇ ಸರಣಿಯ ಐದನೇ ಗೇಮ್ ತೆಗೆದುಕೊಂಡು ‘ಎಲಿಜಿ’ ಮಾಡಿದರು. ಇದರಲ್ಲಿ ಆಡುವವರೇ ಇಲ್ಲ, ಗೇಮ್ ತನ್ನಷ್ಟಕ್ಕೆ ನಡೆಯುತ್ತದೆ. ಕ್ಯಾಮೆರಾ ನಿಧಾನವಾಗಿ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಬೀದಿಯಲ್ಲಿ ಒಬ್ಬರನ್ನೊಬ್ಬರು ಗುಂಡು ಹಾರಿಸಿ ಕೊಲ್ಲುತ್ತಾರೆ, ಹೆಣಗಳು ಬೀಳುತ್ತಾ ಹೋಗುತ್ತವೆ. ಆ ವರ್ಷದ ಜನವರಿ 1ರಿಂದ ಅಮೆರಿಕದಲ್ಲಿ ಬಂದೂಕಿನಿಂದ ಕೊಲೆಯಾದವರ ಲೆಕ್ಕಕ್ಕೆ ಸರಿಯಾಗಿ. ಹಿನ್ನೆಲೆಯಲ್ಲಿ ಅವರ ದೇಶಭಕ್ತಿ ಗೀತೆಯ ಹಳೆಯ ಧ್ವನಿಮುದ್ರಣ. 2018ರ ಜುಲೈ 4ರಿಂದ ಒಂದು ವರ್ಷ ಇಂಟರ್ನೆಟ್‌ನಲ್ಲಿ ನೇರ ಪ್ರಸಾರವಾಯಿತು. ಪ್ರತಿ ರಾತ್ರಿ ಲೆಕ್ಕಕ್ಕೆ ಆ ದಿನದವರನ್ನು ಸೇರಿಸಿ ಮೊದಲಿಂದ ಶುರು.

ನೋಡಲು ಕಷ್ಟವಾಗುತ್ತದೆ, ಹತ್ತು ನಿಮಿಷಕ್ಕೆ ಅಭ್ಯಾಸವೂ ಆಗಿಬಿಡುತ್ತದೆ. ಅಭ್ಯಾಸವಾಗುವುದೇ ಅದರ ವಿಷಯ ಅಂತ ವಾದಿಸಬಹುದು. ಆದರೂ ಹೆಸರು ಹೋಗಿ ಸಂಖ್ಯೆ ಬಂದಾಗ, ಟೈಪ್ ಮಾಡುವ ಬೆರಳು ಹೋಗಿ ಯಂತ್ರ ಬಂದಾಗ, ಏನೋ ಕಳೆದುಹೋಯಿತು ಅಂತ ನನಗೆ ಅನ್ನಿಸುತ್ತದೆ. ಇದಕ್ಕಿಂತ ಮುಂಚೆ ಡಂಡೀಯ ಗೇಮ್ ತಯಾರಕರ ಜೊತೆ ಸೇರಿ ಮಾಡಿದ ‘ಕಿಲ್‌ಬಾಕ್ಸ್’ ಎಂಬ ಡ್ರೋನ್ ಗೇಮ್ ಇದೆ, ಇಬ್ಬರು ಆಡುವಂಥದ್ದು. ಒಬ್ಬರು ಮೇಲಿನ ಡ್ರೋನ್ ನಡೆಸುವವರು, ಇನ್ನೊಬ್ಬರು ಕೆಳಗಿನ ಮಗು. ಅಮೆರಿಕಾಸ್ ಆರ್ಮಿಯಲ್ಲಿ ಯಾರಿಗೂ ಸಿಗದಿದ್ದ ಆ ಕಡೆಯ ಪಾತ್ರ ಇಲ್ಲಿ ಸಿಗುತ್ತದೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡಬೇಕು.

ಇವೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. ಭಾರತದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಶುರುವಾದದ್ದು ನಮ್ಮ ಊರಿನಲ್ಲೇ. 2019ರಲ್ಲಿ ಅದನ್ನು ಕೊಂಡವರು ರಾಕ್‌ಸ್ಟಾರ್, ಅದೇ ಜಿಟಿಎ ಮಾಡುವ ಕಂಪನಿ. ಅವರ ಕಚೇರಿ ಬೆಂಗಳೂರಿನಲ್ಲಿದೆ. ಗೋಡೆ, ಕಾರು, ಬೀದಿದೀಪ, ಬೀಳುವ ಮನುಷ್ಯ, ಇವನ್ನೆಲ್ಲ ಮಾಡುವ ಕೆಲಸದಲ್ಲಿ ನಮ್ಮ ಹುಡುಗ ಹುಡುಗಿಯರ ಕೈ ಇದೆ. ಇಲ್ಲಿ ಕೂತಿರುವವರಲ್ಲೂ ಒಬ್ಬಿಬ್ಬರು ಇರಬಹುದು. ಮಾಡುವ ಕೈ ಇಷ್ಟು ಇರುವ ಊರಿನಲ್ಲಿ, ಮಾಡಿದ್ದನ್ನು ತಿರುಗಿಸಿ ನೋಡುವವರು ಇನ್ನೂ ಜಾಸ್ತಿ ಇರಬೇಕಿತ್ತು ಅಂತ ನನ್ನ ಕೊರಗು.

ಕೊನೆಯ ಪ್ರಶ್ನೆ ಮುಂದಿನ ಸಾಲಿನ ಹುಡುಗಿಯದು: ‘ಡೆಡ್-ಇನ್-ಇರಾಕ್ ಥರ ಈಗ ಮಾಡಬಹುದಾ ಸರ್?’ ಆ ಗೇಮ್‌ನಲ್ಲಂತೂ ಆಗುವುದಿಲ್ಲ. 2022ರ ಮೇನಲ್ಲಿ ಸೇನೆಯೇ ಅಮೆರಿಕಾಸ್ ಆರ್ಮಿಯ ಸರ್ವರ್‌ಗಳನ್ನು ಮುಚ್ಚಿತು. ಡಿಲ್ಯಾಪ್ ನಿಂತ ಆ ಬೀದಿಗಳು ಈಗ ಸ್ಕ್ರೀನ್‌ಶಾಟ್‌ಗಳಲ್ಲಿ, ವಿಡಿಯೋಗಳಲ್ಲಿ ಇವೆ. ಬೇರೆ ಗೇಮ್‌ಗಳಲ್ಲೂ ಈಗ ಕಷ್ಟ. ಎಷ್ಟೋ ಕಡೆ ಮೊದಲೇ ಬರೆದಿಟ್ಟ ನಾಲ್ಕಾರು ವಾಕ್ಯಗಳನ್ನೇ ಒತ್ತಬೇಕು, ಇಲ್ಲಾಂದ್ರೆ ಮೈಕ್. ಟೈಪ್ ಮಾಡಿದರೂ ಫಿಲ್ಟರ್ ಇರುತ್ತದೆ, ನಿಂತರೆ ನನ್ನ ಅಕ್ಕನ ಮಗ ರಿಪೋರ್ಟ್ ಹೊಡೆಯುತ್ತಾನೆ. ಆದರೆ ಒಂದು ಜಾಗ ಇನ್ನೂ ತೆರೆದಿದೆ: ಆಟಗಾರನ ಹೆಸರು. ನೀವು ಯಾರನ್ನಾದರೂ ಕೊಂದಾಗ, ನಿಮ್ಮನ್ನು ಯಾರಾದರೂ ಕೊಂದಾಗ ಎಲ್ಲರ ಸ್ಕ್ರೀನ್ ಮೇಲೂ ಅದು ಬರುತ್ತದೆ. ಬಿಜಿಎಂಐನಲ್ಲಿ ಹೆಸರು ಬದಲಿಸಲು ರೀನೇಮ್ ಕಾರ್ಡ್ ಬೇಕು. ಒಂದು ಕಾರ್ಡಿಗೆ ಒಂದೇ ಹೆಸರು. ನೀವು ಯಾರ ಹೆಸರು ಹಾಕುತ್ತೀರಿ ಅಂತ ನನಗೆ ಬರೆದು ತಿಳಿಸಿ.